ಮಳೆಯಲ್ಲಿ ನಿಂತೂ ಬಾಡಿದ ದಾಸವಾಳ: ಬೆಳಗಾವಿ ಹವೆಯಲ್ಲಿ ಕುಂಡದ ಗಿಡಕ್ಕೆ ಏನಾಗಿದೆ ಅಂತ ಪತ್ತೆ ಹಚ್ಚುವುದು

ಹೋದ ವರ್ಷ ಪುನರ್ವಸು ಮಳೆ ಬಿಟ್ಟೂ ಬಿಡದೆ ಹೊಡೆಯುತ್ತಿದ್ದ ವಾರ. ಟಿಳಕವಾಡಿಯ ನಮ್ಮ ಮನೆಯ ಪಡುವಣ ಬಾಲ್ಕನಿಯಲ್ಲಿ ಹೊಸ ದಾಸವಾಳ ಎಲೆಯೆಲ್ಲ ಜೋತು ಬಿಟ್ಟು ನಿಂತಿತ್ತು. ಬಾಯಾರಿದೆ ಅಂದುಕೊಂಡು ನಾನು ತಂಬಿಗೆ ತುಂಬ ನೀರು ತಂದೆ. ಹಿಂದಿನಿಂದ ಅವ್ವ ಕೇಳಿದಳು: "ಅಲ್ಲ ಯವ್ವಾ, ಹೊರಗ ಇಷ್ಟ ಮಳಿ ಹೊಡ್ಯಾಕತ್ತೈತಿ, ನೀ ಮತ್ತ ತಂಬಿಗಿ ಹಿಡ್ಕೊಂಡ ನಿಂತೀಯಲ್ಲ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಆದರೂ ನೀರು ಹಾಕಿಬಿಟ್ಟೆ. ನಾಲ್ಕೇ ದಿನಕ್ಕೆ ಎಲೆಗಳು ಹಳದಿಯಾಗಿ ಉದುರಿದವು. ಗಿಡ ಹೊರಗೆ ತೆಗೆದು ನೋಡಿದರೆ ಬೇರೆಲ್ಲ ಕಂದು ಬಣ್ಣಕ್ಕೆ ತಿರುಗಿ, ಮುಟ್ಟಿದರೆ ಲೊಳಲೊಳ ಅನ್ನುತ್ತಿತ್ತು. ಗಟಾರದ ವಾಸನೆ ಬೇರೆ. ಸುತ್ತ ನೀರೇ ನೀರು, ಗಿಡ ಮಾತ್ರ ಬಾಯಾರಿ ಸಾಯುತ್ತಿತ್ತು.

ಬಾಡಿದ ಎಲೆ ಏಪ್ರಿಲ್‌ನಲ್ಲೂ ಹಾಗೇ ಕಾಣುತ್ತದೆ, ಜುಲೈನಲ್ಲೂ ಹಾಗೇ ಕಾಣುತ್ತದೆ. ಆದರೆ ಎರಡಕ್ಕೂ ಮಾಡಬೇಕಾದ್ದು ಪೂರ್ತಿ ಉಲ್ಟಾ. ಆದ್ದರಿಂದ ನಾನು ಈಗ ಎಲೆ ನೋಡಿ ತೀರ್ಮಾನ ಮಾಡುವುದನ್ನು ಬಿಟ್ಟಿದ್ದೇನೆ. ಮೊದಲು ಕುಂಡ, ಆಮೇಲೆ ಬೇರು, ಕೊನೆಗೆ ಎಲೆ. (ನಮ್ಮ ಊರಲ್ಲಿ ಮರಾಠಿ ನೆರಳಿನಿಂದ ಕುಂಡಕ್ಕೆ ಬೇರೆಯದೇ ಒಂದು ಹೆಸರಿದೆ. ಮೈಸೂರು ಕಡೆಯವರ ಮುಂದೆ ಅದನ್ನು ಹೇಳಿದರೆ ಬಾಯಿಗೆ ಸೆರಗು ಹಿಡಿದು ನಗುತ್ತಾರೆ. ಹಾಗಾಗಿ ಇಲ್ಲಿ ಕುಂಡ ಅಂತಲೇ ಬರೆಯುತ್ತೇನೆ.)

ನಮ್ಮ ಹವೆಯ ಬಗ್ಗೆ ಎರಡು ಮಾತು

ಬೆಳಗಾವಿ ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿದೆ, ಸಹ್ಯಾದ್ರಿಯ ಹೆಗಲ ಮೇಲೆ. ಪಶ್ಚಿಮಕ್ಕೆ ಜಾಂಬೋಟಿ ದಾಟಿ ಮಲಪ್ರಭೆ ಹುಟ್ಟುವ ಕಣಕುಂಬಿಗೆ ಹೋದರೆ ಮಳೆಗಾಲದಲ್ಲಿ ಮೋಡ ಮನೆಯೊಳಗೇ ಬರುತ್ತದೆ. ಪೂರ್ವಕ್ಕೆ ಸವದತ್ತಿ, ರಾಮದುರ್ಗದ ಕಡೆ ಹೋದರೆ ಅದೇ ತಿಂಗಳು ಜನ ಮುಗಿಲು ನೋಡುತ್ತಾ ಕೂತಿರುತ್ತಾರೆ. ಒಂದೇ ಜಿಲ್ಲೆ! ಊರಿನ ಮನೆಗಳಿಗೂ ಇದೇ ಕಥೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಸಿಲಿಲ್ಲದ ಜಿಟಿಜಿಟಿ, ಅಕ್ಟೋಬರ್‌ನಲ್ಲಿ ಒಮ್ಮೆಲೇ ಚುರುಕು ಬಿಸಿಲು, ಡಿಸೆಂಬರ್ ಜನವರಿಯಲ್ಲಿ ರಾತ್ರಿ 13-14 ಡಿಗ್ರಿ ಚಳಿ, ಏಪ್ರಿಲ್‌ನಲ್ಲಿ 36ರ ಆಸುಪಾಸು ಒಣ ಬಿಸಿಲು. "ದಾಸವಾಳಕ್ಕೆ ದಿನಾ ನೀರು ಹಾಕಿ" ಅನ್ನುವ ಸಲಹೆ ಇದರಲ್ಲಿ ಯಾವ ತಿಂಗಳಿಗೆ?

ಮೊದಲು ಇಷ್ಟು ನೋಡಿ, ಆಮೇಲೆ ಕೈ ಹಾಕಿ

ಬೆರಳನ್ನು ಎರಡು ಗೆಣ್ಣಿನಷ್ಟು ಮಣ್ಣೊಳಗೆ ಇಳಿಸಿ. ಮೇಲ್ಪದರ ನೋಡಿ ಮೋಸ ಹೋಗಬೇಡಿ. ಬೇಸಿಗೆಯಲ್ಲಿ ಮೇಲೆ ಒಣಗಿ ಕೆಳಗೆ ಹಸಿ ಇರುತ್ತದೆ, ತೆಂಗಿನ ನಾರಿನ ಪುಡಿ ಹಾಕಿದ ಕುಂಡದಲ್ಲಿ ಮೇಲೆ ಹಸಿಯಾಗಿ ನಡುವೆ ಒಣಗಿರುವುದೂ ಉಂಟು. ದೊಡ್ಡ ಕುಂಡವಾದರೆ ಬೆರಳು ಸಾಲದು. ಉದ್ದನೆಯ ಒಣ ಬಿದಿರು ಕಡ್ಡಿಯನ್ನು ತಳದವರೆಗೆ ಚುಚ್ಚಿ ಹತ್ತು ನಿಮಿಷ ಬಿಡಿ. ಎಲ್ಲಿಯವರೆಗೆ ಕಪ್ಪಾಗಿ ಮಣ್ಣು ಮೆತ್ತಿದೆಯೋ ಅಲ್ಲಿಯವರೆಗೆ ಹಸಿ.

ಕುಂಡ ಎತ್ತಿ ನೋಡಿ. ನೀರು ಹಾಕಿದ ದಿನ ಒಮ್ಮೆ, ಮೂರು ದಿನ ಬಿಟ್ಟು ಒಮ್ಮೆ ಎತ್ತಿದರೆ ಕೈಗೇ ಅಂದಾಜು ಸಿಗುತ್ತದೆ. ಒಂದು ಲೀಟರ್ ನೀರು ಅಂದರೆ ಒಂದು ಕಿಲೋ ಭಾರ, ಕೈಗೆ ಗೊತ್ತಾಗದೇ ಇರಲ್ಲ. ಎತ್ತಿದಾಗಲೇ ತಳದ ತೂತು ನೋಡಿಬಿಡಿ. ನಮ್ಮ ಮನೆಯಲ್ಲಿ ಸತ್ತ ಗಿಡಗಳಲ್ಲಿ ಅರ್ಧದಷ್ಟರ ತೂತು ಬೇರಿನಿಂದಲೋ ಮಣ್ಣಿನಿಂದಲೋ ಮುಚ್ಚಿಹೋಗಿತ್ತು. ಒಂದು ಪ್ಲಾಸ್ಟಿಕ್ ಕುಂಡಕ್ಕಂತೂ ತೂತೇ ಇರಲಿಲ್ಲ. ಬರೀ ಗುರುತು ಮಾಡಿ ಬಿಟ್ಟಿದ್ದರು, ಕೊರೆಯುವ ಕೆಲಸ ನಮ್ಮದು. ನಾನು ಒಂದು ವರ್ಷ ಗಮನಿಸಿರಲೇ ಇಲ್ಲ!

ಬಾಡಿದ ಹೊತ್ತನ್ನೂ ನೋಡಬೇಕು. ಮಧ್ಯಾಹ್ನ ಮೂರಕ್ಕೆ ಬಾಡಿ, ಬೆಳಿಗ್ಗೆ ಏಳಕ್ಕೆ ನೆಟ್ಟಗಿದ್ದರೆ ಅದು ರೋಗವಲ್ಲ. ಬೇರು ಎಳೆಯುವುದಕ್ಕಿಂತ ಎಲೆ ಜಾಸ್ತಿ ನೀರು ಬಿಡುತ್ತಿದೆ, ಅಷ್ಟೇ. ಬೆಳಿಗ್ಗೆ ಏಳಕ್ಕೂ ಬಾಡಿಯೇ ಇದ್ದರೆ ಮುಂದಕ್ಕೆ ಓದಿ.

ಮಣ್ಣು ಹಸಿ, ಎಲೆ ಬಾಡಿದೆ

ಬೆಳಗಾವಿಯ ಮಳೆಗಾಲದಲ್ಲಿ ಕುಂಡದ ಗಿಡ ಸಾಯುವುದು ಬಹುಪಾಲು ಇದರಿಂದಲೇ. ಹಾಗಾಗಿ ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ.

ಬೇರಿಗೂ ಉಸಿರಾಟ ಬೇಕು. ಮಣ್ಣಿನ ಕಣಗಳ ನಡುವಿನ ಸಂದುಗಳಲ್ಲಿ ಗಾಳಿ ಇದ್ದರೆ ಮಾತ್ರ ಬೇರು ಕೆಲಸ ಮಾಡುತ್ತದೆ, ನೀರನ್ನು ಮೇಲಕ್ಕೆ ಕಳಿಸುತ್ತದೆ. ದಿನಗಟ್ಟಲೆ ಮಳೆ ಬಿದ್ದು ಸಂದುಗಳಲ್ಲೆಲ್ಲ ನೀರು ತುಂಬಿದರೆ ಆಮ್ಲಜನಕ ಮುಗಿಯುತ್ತದೆ. ಬೇರು ಸುಸ್ತಾಗುತ್ತದೆ, ಎಲೆಗೆ ನೀರು ಹೋಗಲ್ಲ, ಎಲೆ ಬಾಡುತ್ತದೆ. ನಾವು ಬಾಡಿದ್ದು ನೋಡಿ ಇನ್ನೊಂದು ತಂಬಿಗೆ ಸುರಿಯುತ್ತೇವೆ. ಅಷ್ಟರಲ್ಲಿ ನೀರಿನಲ್ಲೇ ಬೆಳೆಯುವ ಪಿಥಿಯಂ, ಫೈಟೋಫ್ತೊರಾ ಜಾತಿಯ ಶಿಲೀಂಧ್ರದಂಥ ಜೀವಿಗಳು ಸೊರಗಿದ ಬೇರಿಗೆ ಅಂಟಿಕೊಳ್ಳುತ್ತವೆ. ಅಲ್ಲಿಂದ ಮುಂದೆ ಕೊಳೆಯುವುದು ಜೋರು.

ಅನುಮಾನ ಬಂದರೆ ಗಿಡವನ್ನು ಹೊರಗೆ ತೆಗೆದು ನೋಡಲೇಬೇಕು. ಬಹಳ ಜನ ಇಲ್ಲೇ ಹಿಂಜರಿಯುತ್ತಾರೆ, ತೆಗೆದರೆ ಸತ್ತುಹೋಗುತ್ತೆ ಅಂತ. ತೆಗೆಯದಿದ್ದರೂ ಸಾಯುತ್ತದೆ. ಕುಂಡ ಅಡ್ಡ ಮಲಗಿಸಿ, ಸುತ್ತ ತಟ್ಟಿ, ಬುಡ ಹಿಡಿದು ಮೆಲ್ಲಗೆ ಜಾರಿಸಿ. ಒಳ್ಳೆಯ ಬೇರು ಬಿಳಿ ಅಥವಾ ತಿಳಿ ಕಂದು, ಹಿಡಿದರೆ ಗಟ್ಟಿ. ಕೊಳೆತ ಬೇರು ಗಾಢ ಕಂದು ಅಥವಾ ಕಪ್ಪು. ಎರಡು ಬೆರಳ ನಡುವೆ ಹಿಡಿದು ಎಳೆದರೆ ಮೇಲಿನ ಸಿಪ್ಪೆ ಜಾರಿ ಒಳಗಿನ ದಾರದಂಥ ಎಳೆ ಮಾತ್ರ ಉಳಿಯುತ್ತದೆ. ಈ ದಾರ ಕಂಡರೆ ಬೇರೆ ಪರೀಕ್ಷೆ ಬೇಡ.

ಅರ್ಧದಷ್ಟಾದರೂ ಗಟ್ಟಿ ಬೇರು ಉಳಿದಿದ್ದರೆ ಗಿಡ ಬದುಕುವ ಸಾಧ್ಯತೆ ಚೆನ್ನಾಗಿದೆ. ಕತ್ತರಿಯನ್ನು ಸ್ಪಿರಿಟ್‌ನಲ್ಲಿ ಒರೆಸಿ ಕೊಳೆತದ್ದನ್ನೆಲ್ಲ ಕತ್ತರಿಸಿ. ಮೇಲಿನ ಎಲೆ ಕೊಂಬೆಗಳನ್ನೂ ಮೂರನೇ ಒಂದು ಪಾಲು ಇಳಿಸಿ, ಉಳಿದ ಬೇರಿಗೆ ಹೊರೆ ಕಡಿಮೆಯಾಗಲಿ. ಹಳೆ ಮಣ್ಣು ಬೇಡ. ಹಳೆ ಕುಂಡವೇ ಬೇಕಿದ್ದರೆ ತಿಕ್ಕಿ ತೊಳೆದು ಒಣಗಿಸಿ. ಆದರೆ ಅದಕ್ಕಿಂತ ಒಂದು ಅಳತೆ ಚಿಕ್ಕ ಕುಂಡ ಒಳ್ಳೆಯದು. ಬೇರು ಕಡಿಮೆ ಇದ್ದಾಗ ದೊಡ್ಡ ಕುಂಡದ ಮಣ್ಣಿನ ನೀರನ್ನು ಕುಡಿಯುವವರೇ ಇರಲ್ಲ, ಅದು ಮತ್ತೆ ಹಸಿಯಾಗೇ ಉಳಿಯುತ್ತದೆ. ಮಳೆ ಬೀಳದ, ಬೆಳಕಿರುವ ಜಾಗದಲ್ಲಿ ಇಡಿ. ಮೂರ್ನಾಲ್ಕು ವಾರ ಗೊಬ್ಬರದ ಮಾತೇ ಬೇಡ. ಸೊರಗಿದೆ, ಸ್ವಲ್ಪ ಗೊಬ್ಬರ ಹಾಕೋಣ ಅನ್ನುವ ಕರುಣೆಯೇ ಎಷ್ಟೋ ಗಿಡಗಳ ಜೀವ ತೆಗೆದಿದೆ.

ಬೇರು ಪೂರ್ತಿ ಹೋಗಿದ್ದರೆ ಗಿಡದ ಆಸೆ ಬಿಡಿ, ತುದಿಗಳ ಆಸೆ ಬಿಡಬೇಡಿ. ನನ್ನ ದಾಸವಾಳದಲ್ಲಿ ಮೇಲಿನ ಮೂರು ಕೊಂಬೆ ಇನ್ನೂ ಹಸಿರಿದ್ದವು. ಗೇಣುದ್ದ ಕತ್ತರಿಸಿ, ಕೆಳಗಿನ ಎಲೆ ತೆಗೆದು, ದಪ್ಪ ಮರಳಿನಲ್ಲಿ ಊರಿದೆ. ಗಿಡವನ್ನು ಕೊಂದ ಅದೇ ತಂಪು ಹವೆ ಕಟಿಂಗ್‌ಗೆ ಬಹಳ ಒಳ್ಳೆಯದು, ಎಲೆ ಒಣಗಲ್ಲ. ಐದನೇ ವಾರಕ್ಕೆ ಮೂರರಲ್ಲಿ ಎರಡು ಕಟಿಂಗ್ ಬೇರು ಬಿಟ್ಟವು.

ಇನ್ನು ನೀರು ಯಾಕೆ ನಿಂತಿತು ಅನ್ನುವುದು. ಇದನ್ನು ಹುಡುಕದೆ ಮತ್ತೆ ನೆಟ್ಟರೆ ಮುಂದಿನ ಮಳೆಗೆ ಮತ್ತೆ ಇದೇ ಕಥೆ.

ನಾನು ಮಾಡಿದ ದೊಡ್ಡ ತಪ್ಪು, ನೀರು ಬಸಿಯಲಿ ಅಂತ ತಳಕ್ಕೆ ನಾಲ್ಕು ಬೆರಳಷ್ಟು ಜಲ್ಲಿ ಹಾಕಿದ್ದು. ಎಲ್ಲರೂ ಹಾಗೇ ಮಾಡುತ್ತಾರೆ. ಆದರೆ ಅದರಿಂದ ಆಗುವುದು ಉಲ್ಟಾ. ಪಾತ್ರೆ ತಿಕ್ಕುವ ಸ್ಪಂಜನ್ನು ನೀರಲ್ಲಿ ಅದ್ದಿ ಅಡ್ಡಕ್ಕೆ ಹಿಡಿಯಿರಿ. ತೊಟ್ಟಿಕ್ಕಿ ತೊಟ್ಟಿಕ್ಕಿ ನಿಲ್ಲುತ್ತದೆ. ಈಗ ಅದನ್ನೇ ಉದ್ದಕ್ಕೆ ನಿಲ್ಲಿಸಿ, ಮತ್ತೆ ನೀರು ಇಳಿಯುತ್ತದೆ. ಆದರೂ ತಳದ ಅಂಚು ಮಾತ್ರ ತೊಪ್ಪೆಯಾಗೇ ಇರುತ್ತದೆ. ಕುಂಡದ ಮಣ್ಣೂ ಹಾಗೆಯೇ. ತಳದಲ್ಲಿ ಒಂದಷ್ಟು ಎತ್ತರದ ಪದರ ನೀರು ಹಿಡಿದುಕೊಂಡೇ ಇರುತ್ತದೆ. ಸಣ್ಣ ಕಣದ ಮಣ್ಣಿನಿಂದ ದಪ್ಪ ಜಲ್ಲಿಗೆ ನೀರು ಸುಲಭಕ್ಕೆ ದಾಟಲ್ಲ, ಮಣ್ಣು ಪೂರ್ತಿ ತುಂಬಿದ ಮೇಲೆಯೇ ಇಳಿಯುತ್ತದೆ. ಅಂದರೆ ಜಲ್ಲಿ ಹಾಕಿದರೆ ಆ ಹಸಿ ಪದರ ಜಲ್ಲಿಯ ಮೇಲೆ ಕೂರುತ್ತದೆ, ಬೇರಿಗೆ ಇನ್ನೂ ಹತ್ತಿರ ಬರುತ್ತದೆ. ತೂತಿನಿಂದ ಮಣ್ಣು ಹೋಗದ ಹಾಗೆ ಒಂದು ಹಂಚಿನ ಚೂರೋ ಹಳೆ ಸೊಳ್ಳೆ ಪರದೆಯ ತುಂಡೋ ಸಾಕು.

ತಳ ಬದಲಿಸುವುದಕ್ಕಿಂತ ಮಣ್ಣು ಬದಲಿಸಬೇಕು. ಬೈಲಹೊಂಗಲದ ಕಡೆಯಿಂದ ಯಾರೋ ಅಕ್ಕರೆಯಿಂದ ಕಪ್ಪು ಎರೆ ಮಣ್ಣಿನ ಚೀಲ ತಂದುಕೊಡುತ್ತಾರೆ. ಹೊಲದಲ್ಲಿ ಅದು ಬಂಗಾರ. ಕುಂಡದಲ್ಲಿ ಅದು ಮಳೆಗೆ ಉಬ್ಬಿ ಅಂಟಾಗುತ್ತದೆ, ಬೇಸಿಗೆಗೆ ಬಿರುಕು ಬಿಟ್ಟು ಕುಂಡದ ಗೋಡೆಯಿಂದ ದೂರ ಸರಿಯುತ್ತದೆ. ಹಾಕಿದ ನೀರೆಲ್ಲ ಆ ಸಂದಿನಿಂದ ಹರಿದು ಹೋಗುತ್ತದೆ. ಖಾನಾಪುರದ ಕಡೆಯ ಕೆಂಪು ಮಣ್ಣು ಕುಂಡಕ್ಕೆ ವಾಸಿ. ಜೊತೆಗೆ ಅದು ಭತ್ತದ ಸೀಮೆ, ಅಕ್ಕಿ ಗಿರಣಿಯಲ್ಲಿ ಹೊಟ್ಟು ಸಿಗುತ್ತದೆ. ನಾನು ಈಗ ಎರಡು ಬುಟ್ಟಿ ಕೆಂಪು ಮಣ್ಣಿಗೆ ಒಂದು ಬುಟ್ಟಿ ಎರೆಹುಳು ಗೊಬ್ಬರ, ಒಂದು ಬುಟ್ಟಿ ದಪ್ಪ ಮರಳು, ಒಂದು ಬುಟ್ಟಿ ಅರೆಸುಟ್ಟ ಭತ್ತದ ಹೊಟ್ಟು ಹಾಕುತ್ತೇನೆ. ಮರಳು ಅಂದರೆ ಗೋಡೆಯ ಗಿಲಾಯಿಗೆ ಬಳಸುವ ನುಣ್ಣನೆಯದು ಅಲ್ಲ, ಜೋಳದ ಕಾಳಿನ ಅರ್ಧದಷ್ಟಾದರೂ ದಪ್ಪ ಇರಬೇಕು. ಕುಂಡ ತುಂಬಿಸಿ ಒಂದು ತಂಬಿಗೆ ನೀರು ಸುರಿಯಿರಿ. ಮೇಲೆ ನಿಂತ ನೀರು ಅರ್ಧ ನಿಮಿಷದೊಳಗೆ ಇಳಿದು ಕೆಳಗೆ ಹೊರಬಂದರೆ ಪಾಸು.

ಇನ್ನೊಂದು ಕಾರಣ ನನಗೆ ತಡವಾಗಿ ಗೊತ್ತಾಯಿತು. ಆ ದಾಸವಾಳವನ್ನು ಒಂದು ನರ್ಸರಿಯಿಂದ ತಂದಿದ್ದೆ. ಬೇರಿನ ಸುತ್ತ ಜೇಡಿಯ ಗಟ್ಟಿ ಉಂಡೆ ಇತ್ತು, ದೂರದಿಂದ ಲಾರಿಯಲ್ಲಿ ಬರುವಾಗ ಬೇರು ಅಲುಗದಿರಲಿ ಅಂತ. "ಹಂಗs ಇಡ್ರಿ ಅಕ್ಕಾರ, ಉಂಡಿ ಒಡೀಬ್ಯಾಡ್ರಿ" ಅಂದಿದ್ದರು. ನಾನೂ ಹಾಗೇ ಇಟ್ಟೆ. ಸುತ್ತ ಹಾಕಿದ ಹಗುರ ಮಣ್ಣಿನಿಂದ ನೀರು ಇಳಿದುಹೋಗುತ್ತಿತ್ತು, ಆ ಉಂಡೆಯೊಳಗಿನದು ಮಾತ್ರ ಇಳಿಯುತ್ತಲೇ ಇರಲಿಲ್ಲ. ಈಗ ಹೊಸ ಗಿಡ ತಂದರೆ ವಾರ ಹತ್ತು ದಿನ ನೆರಳಲ್ಲಿ ಸುಧಾರಿಸಲು ಬಿಟ್ಟು, ಆಮೇಲೆ ಉಂಡೆಯನ್ನು ಬಕೆಟ್ ನೀರಲ್ಲಿ ನೆನೆಸಿ ಅಂಚಿನ ಜೇಡಿಯನ್ನು ಬೆರಳಿನಿಂದ ಸಡಿಲಿಸುತ್ತೇನೆ. ಪೂರ್ತಿ ತೊಳೆಯಲ್ಲ, ಅರ್ಧದಷ್ಟು ಸಾಕು.

ಟ್ರೈಕೊಡರ್ಮಾ ಅಂತ ಕೃಷಿ ಅಂಗಡಿಗಳಲ್ಲಿ ಒಂದು ಪುಡಿ ಸಿಗುತ್ತದೆ, ಒಳ್ಳೆಯ ಶಿಲೀಂಧ್ರ. ಅದನ್ನು ಮೇ ತಿಂಗಳಲ್ಲೇ ಗೊಬ್ಬರದ ಜೊತೆ ಬೆರೆಸಿದರೆ ಕಾವಲಿಗೆ ಆಗುತ್ತದೆ. ಕೊಳೆತ ಮೇಲೆ ಹಾಕಿದರೆ ದುಡ್ಡು ದಂಡ.

ಹೊರಗೆ ಮಳೆ, ಕುಂಡ ಒಣ

ಇದು ನಗು ಬರಿಸುವ ದೋಷ, ಆದರೆ ನಿಜ. ನಮ್ಮಲ್ಲಿ ಮುಂಗಾರು ಗಾಳಿ ಪಶ್ಚಿಮದಿಂದ ಬೀಸುತ್ತದೆ, ಮಳೆಯೂ ಓರೆಯಾಗಿ ಅಲ್ಲಿಂದಲೇ ಹೊಡೆಯುತ್ತದೆ. ಪಡುವಣ ಬಾಲ್ಕನಿಯ ಗಿಡ ಮುಳುಗುತ್ತಿರುವಾಗ, ಮೂಡಣ ಬಾಗಿಲಿನ ಸಜ್ಜಾ ಕೆಳಗಿನ ಗಿಡಕ್ಕೆ ಹನಿಯೂ ಬೀಳುತ್ತಿರಲ್ಲ. ಮಳೆ ಇದೆಯಲ್ಲ ಅಂತ ನಾವು ನೀರು ಹಾಕುವುದನ್ನೇ ಮರೆಯುತ್ತೇವೆ. ನಮ್ಮ ಪಕ್ಕದ ಮನೆಯ ಕಾಕೂ ಅವರ ಮಲ್ಲಿಗೆ ಹೀಗೇ ಆರಿದ್ರಾ ಮಳೆಯಲ್ಲಿ ಒಣಗಿತ್ತು. ಅವರು ರೋಗ ಅಂತ ಔಷಧಿ ಹುಡುಕುತ್ತಿದ್ದರು. ಬೆರಳು ಇಳಿಸಿದರೆ ಮಣ್ಣು ಹಿಟ್ಟಿನ ಹಾಗೆ ಉದುರಿತು.

ತೀರ ಒಣಗಿದ ಕುಂಡಕ್ಕೆ, ಅದರಲ್ಲೂ ತೆಂಗಿನ ನಾರಿನ ಪುಡಿ ಇದ್ದರೆ, ಮೇಲಿಂದ ನೀರು ಹಾಕಿ ಪ್ರಯೋಜನವಿಲ್ಲ. ಒಣಗಿದ ನಾರು ನೀರನ್ನು ಒಳಗೆ ಬಿಟ್ಟುಕೊಳ್ಳಲ್ಲ. ಅಂಚಿನಿಂದ ಹರಿದು ತಟ್ಟೆಗೆ ಬರುತ್ತದೆ, ಕುಡಿಯಿತು ಅಂತ ನಮಗೆ ಸಮಾಧಾನ. ಬಕೆಟ್‌ನಲ್ಲಿ ಅರ್ಧ ಎತ್ತರ ನೀರು ತುಂಬಿ ಕುಂಡವನ್ನು ಅರ್ಧ ಗಂಟೆ ಕೂರಿಸಿ. ಗುಳ್ಳೆ ಬರುವುದು ನಿಂತ ಮೇಲೆ ತೆಗೆದು ಬಸಿಯಲು ಬಿಡಿ. ಇದೇ ಉಪಾಯ ಏಪ್ರಿಲ್‌ನಲ್ಲೂ ಬೇಕಾಗುತ್ತದೆ.

ಎಲೆ ಹಳದಿ: ಹೊಸದೋ ಹಳೆಯದೋ?

"ಎಲೆ ಹಳದಿ ಆಗ್ತಿದೆ, ಏನು ಹಾಕಲಿ?" ಅಂತ ಕೇಳಿದವರಿಗೆ ನಾನು ಮೊದಲು ತಿರುಗಿ ಕೇಳುವುದು, ಯಾವ ಎಲೆ ಅಂತ.

ಬುಡದ ಹಳೆ ಎಲೆಗಳು ಇಡಿಯಾಗಿ ಮಂಕಾಗಿ ಹಳದಿಯಾದರೆ ಸಾರಜನಕ ಕಡಿಮೆ. ಗಿಡ ಹಳೆ ಎಲೆಯಿಂದ ಅದನ್ನು ಎಳೆದುಕೊಂಡು ಹೊಸ ಎಲೆಗೆ ಕೊಡುತ್ತದೆ. ಎರಡು ತಿಂಗಳ ಮಳೆ ಕುಂಡದ ಸಾರವನ್ನೆಲ್ಲ ತೊಳೆದುಬಿಟ್ಟಿರುತ್ತದೆ, ಹಾಗಾಗಿ ಆಗಸ್ಟ್ ಕೊನೆಗೆ ಇದು ಸಾಮಾನ್ಯ. ಮಘೆ ಮಳೆ ಸ್ವಲ್ಪ ಬಿಡುವು ಕೊಟ್ಟಾಗ ಕುಂಡಕ್ಕೆ ಎರಡು ಹಿಡಿ ಎರೆಹುಳು ಗೊಬ್ಬರ ಹಾಕಿ. ಶೇಂಗಾ ಹಿಂಡಿ ನೆನೆಸಿದ ನೀರೂ ಒಳ್ಳೆಯದೇ, ಚೆನ್ನಾಗಿ ತೆಳ್ಳಗೆ ಮಾಡಿ. ಆದರೆ ಬಿಸಿಲು ಬಂದ ಮೇಲೆ ಹಾಕಿ. ಮಳೆಯಲ್ಲಿ ಅದರ ವಾಸನೆಗೆ ಪಕ್ಕದ ಮನೆಯವರು ಮಾತು ಬಿಡುತ್ತಾರೆ.

ತುದಿಯ ಹೊಸ ಎಲೆಗಳು ಹಳದಿಯಾಗಿ, ನರ ಮಾತ್ರ ಹಸಿರಾಗಿ ಬಲೆಯಂತೆ ಕಂಡರೆ ಕಬ್ಬಿಣ ಸಿಗುತ್ತಿಲ್ಲ. ಕಬ್ಬಿಣ ಮಣ್ಣಲ್ಲಿ ಇರುತ್ತದೆ, ಬೇರಿಗೆ ಎಟುಕುವುದಿಲ್ಲ. ಕಾರಣ ಹೆಚ್ಚಾಗಿ ಬೋರ್‌ವೆಲ್ ನೀರಿನ ಸುಣ್ಣ. ರಕ್ಕಸಕೊಪ್ಪ ಜಲಾಶಯದ ನಲ್ಲಿ ನೀರು ಬಾರದ ದಿನ ಬೋರ್ ನೀರೇ ಗತಿ, ಅಲ್ವಾ? ನೀರು ಕಾಯಿಸುವ ಪಾತ್ರೆಯ ತಳದಲ್ಲಿ ಬಿಳಿ ಚಕ್ಕೆ ಕಟ್ಟುತ್ತಿದ್ದರೆ ನಿಮ್ಮ ನೀರು ಅಂಥದ್ದು. ಟೆರೇಸಿನ ಮಳೆ ನೀರು ಡ್ರಮ್ಮಿನಲ್ಲಿ ಹಿಡಿದಿಟ್ಟು, ಮುಚ್ಚಳ ಭದ್ರವಾಗಿ ಮುಚ್ಚಿ, ದಾಸವಾಳ, ಗುಲಾಬಿ, ಕರಿಬೇವಿಗೆ ಅದನ್ನೇ ಹಾಕಿ. ತುರ್ತಿಗೆ ಚೀಲೇಟ್ ರೂಪದ, ಅಂದರೆ ಬೇರಿಗೆ ಸುಲಭಕ್ಕೆ ಎಟುಕುವ ಕಬ್ಬಿಣ ಸಿಗುತ್ತದೆ. ಆದರೆ ಒಂದು ಎಚ್ಚರ: ತಣ್ಣಗೆ ಹಸಿಯಾಗಿ ಕೂತ ಬೇರಿಗೂ ಕಬ್ಬಿಣ ಎಳೆಯಲು ಆಗಲ್ಲ. ಜುಲೈನಲ್ಲಿ ಹೀಗಾದರೆ ಮೊದಲು ಬೇರು ನೋಡಿ, ಆಮೇಲೆ ಅಂಗಡಿಗೆ ಹೋಗಿ.

ಮನಿಪ್ಲಾಂಟ್‌ನ ಬುಡದಲ್ಲಿ ತಿಂಗಳಿಗೊಂದು ಎಲೆ ಹಳದಿಯಾದರೆ ಅದಕ್ಕೆ ವಯಸ್ಸಾಯಿತು, ಅಷ್ಟೇ. ಕಿತ್ತು ಹಾಕಿ.

ಗುಲಾಬಿಯ ಎರಡು ಕಲೆ

ಕಪ್ಪು ಕಲೆಗೂ ಬಿಳಿ ಪುಡಿಗೂ ಜನ ಒಂದೇ ಔಷಧಿ ಹೊಡೆಯುತ್ತಾರೆ. ಇವೆರಡರ ಹವೆಯೇ ಬೇರೆ.

ಕಪ್ಪು ಚುಕ್ಕೆ ಮಳೆಯ ರೋಗ. ದುಂಡನೆಯ ಕಲೆ, ಅಂಚು ಹರಿದ ಹಾಗೆ, ಸುತ್ತ ಹಳದಿ. ಕೆಳಗಿನ ಎಲೆಯಿಂದ ಶುರುವಾಗಿ ಗಿಡ ಬೋಳಾಗುತ್ತದೆ. ಎಲೆಯ ಮೇಲೆ ಏಳೆಂಟು ಗಂಟೆ ನೀರು ನಿಂತರೆ ಅದರ ಬೀಜಾಣು ಮೊಳೆಯುತ್ತದೆ, ನಮ್ಮ ಜುಲೈನಲ್ಲಿ ದಿನವಿಡೀ ನಿಂತಿರುತ್ತದೆ. ಉದುರಿದ ಎಲೆಗಳನ್ನು ಆರಿಸಿ ಹೊರಗೆ ಹಾಕಿ, ಕಾಂಪೋಸ್ಟಿಗೆ ಬೇಡ. ಕುಂಡಗಳ ನಡುವೆ ಒಂದು ಮೊಳ ಜಾಗ ಬಿಡಿ. ಸಾಧ್ಯವಾದರೆ ಸಜ್ಜಾ ಕೆಳಗೆ ಸರಿಸಿ. ಔಷಧಿ ಬೇಕೇ ಬೇಕು ಅಂದರೆ ಮ್ಯಾಂಕೊಜೆಬ್ ಲೀಟರಿಗೆ 2 ಗ್ರಾಂ, ಮಳೆ ಬಿಟ್ಟ ಹೊತ್ತಿನಲ್ಲಿ, ಕೈಗವಸು ಮತ್ತು ಮುಖಕ್ಕೆ ಬಟ್ಟೆ ಕಟ್ಟಿಕೊಂಡು.

ಬಿಳಿ ಬೂದಿ ರೋಗ ಮಳೆ ನಿಂತ ಮೇಲಿನದು. ನವೆಂಬರ್‌ನಿಂದ ಫೆಬ್ರವರಿವರೆಗೆ ಹಗಲು ಒಣ, ರಾತ್ರಿ ತಂಪು, ಬೆಳಿಗ್ಗೆ ಇಬ್ಬನಿ. ಅದಕ್ಕೆ ಹಬ್ಬ. ಎಳೆ ಎಲೆ ಸುರುಟಿ, ಮೊಗ್ಗಿನ ಕತ್ತಿನವರೆಗೂ ಮೈದಾ ಸವರಿದ ಹಾಗೆ ಕಾಣುತ್ತದೆ. ನೀರಲ್ಲಿ ಕರಗುವ ಗಂಧಕ ಲೀಟರಿಗೆ 2 ಗ್ರಾಂ ಸಾಕು. ಸಂಜೆ ಹೊಡೆಯಿರಿ. ಬಿಸಿಲು 32 ಡಿಗ್ರಿ ದಾಟಿದ ದಿನ ಬೇಡ, ಎಲೆ ಸುಡುತ್ತದೆ. ಬೇವಿನ ಎಣ್ಣೆ ಹೊಡೆದಿದ್ದರೆ ಎರಡು ವಾರ ತಡೆಯಿರಿ. ನಾನು ಈಗೀಗ ಒಂದು ಪಾಲು ಹಾಲಿಗೆ ಒಂಬತ್ತು ಪಾಲು ನೀರು ಬೆರೆಸಿ ಬಿಸಿಲಿರುವಾಗ ಹೊಡೆಯುತ್ತೇನೆ. ಶುರುವಿನಲ್ಲೇ ಹಿಡಿದರೆ ಕೆಲಸ ಮಾಡುತ್ತದೆ. ಅವ್ವನಿಗೆ ಮಾತ್ರ ಸಿಟ್ಟು, ಹಾಲು ದಂಡ ಅಂತ.

ಹಾರುವ ನೊಣ, ತೆವಳುವ ಹುಳು

ಮಳೆಗಾಲದಲ್ಲಿ ಮನೆಯೊಳಗಿನ ಕುಂಡದಿಂದ ಸಣ್ಣ ಕಪ್ಪು ನೊಣ ಏಳುತ್ತಿದ್ದರೆ ಮೇಲ್ಮಣ್ಣು ಜಾಸ್ತಿ ಹಸಿಯಿದೆ ಅಂತ ಅರ್ಥ. ಮರಿಗಳು ಮೇಲಿನ ಎರಡು ಬೆರಳ ಮಣ್ಣಲ್ಲಿ ಇರುತ್ತವೆ, ಅಷ್ಟು ಒಣಗಲು ಬಿಟ್ಟರೆ ಸಂತತಿ ನಿಲ್ಲುತ್ತದೆ. ಹಾರುವವಕ್ಕೆ ಹಳದಿ ಅಂಟು ಹಾಳೆ. ಚಹಾ ಚರಟ, ತರಕಾರಿ ಸಿಪ್ಪೆ ನೇರ ಕುಂಡಕ್ಕೆ ಹಾಕುವ ಚಾಳಿ ಇದ್ದರೆ ಮಳೆಗಾಲದಲ್ಲಿ ಬಿಡಿ. ಕುಂಡದ ತಟ್ಟೆಯ ನೀರನ್ನು ದಿನಾ ಚೆಲ್ಲಿ. ಬೇರಿಗೂ ಒಳ್ಳೆಯದು, ಡೆಂಗಿ ಸೊಳ್ಳೆಗೂ ಜಾಗ ಸಿಗಲ್ಲ.

ರಾತ್ರಿ ಎಲೆಗೆ ತೂತು ಬಿದ್ದು ಬೆಳಿಗ್ಗೆ ಬೆಳ್ಳಿಯ ಗೆರೆ ಕಂಡರೆ ಬಸವನಹುಳು. ರಾತ್ರಿ ಕುಂಡದ ಪಕ್ಕ ಒದ್ದೆ ಗೋಣಿಚೀಲ ಹಾಸಿಡಿ, ಬೆಳಿಗ್ಗೆ ಅದರ ಕೆಳಗೆ ಎಲ್ಲ ಸೇರಿರುತ್ತವೆ. ಬರಿಗೈಯಲ್ಲಿ ಮುಟ್ಟಬೇಡಿ. ಉಪ್ಪನ್ನು ಕುಂಡದ ಮೇಲೆ ಚೆಲ್ಲಬೇಡಿ, ಹುಳು ಸತ್ತು ಗಿಡವೂ ಸಾಯುತ್ತದೆ.

ಅಕ್ಟೋಬರ್ ಬಿಸಿಲು, ತುಳಸಿ ಲಗ್ನದ ಆಮೇಲೆ

ಹಸ್ತ ಮಳೆ ಮುಗಿದು ಆಕಾಶ ತೊಳೆದಿಟ್ಟ ಹಾಗೆ ಆದಾಗ ಕೆಲವು ಗಿಡಗಳ ಎಲೆ ಮೇಲೆ ಬಿಳಚಿದ, ಹಪ್ಪಳದಂತೆ ಗರಿಗರಿ ಮಚ್ಚೆ ಬೀಳುತ್ತದೆ. ರೋಗವಲ್ಲ, ಬಿಸಿಲಿನ ಸುಟ್ಟ ಗಾಯ. ನಾಲ್ಕು ತಿಂಗಳು ಮೋಡದಲ್ಲಿ ಬೆಳೆದ ಎಳೆ ಎಲೆಗೆ ನೇರ ಬಿಸಿಲು ಹೊಸದು. ಮಚ್ಚೆ ಬಿಸಿಲಿಗೆ ಮುಖ ಮಾಡಿದ ಕಡೆ ಮಾತ್ರ ಇದ್ದರೆ ಖಾತ್ರಿ. ಎರಡು ವಾರ ಮಧ್ಯಾಹ್ನಕ್ಕೆ ಹಳೆ ಕಾಟನ್ ಸೀರೆ ಅಡ್ಡ ಕಟ್ಟಿ. ಸುಟ್ಟ ಎಲೆ ಹಸಿರಾಗಲ್ಲ, ಹೊಸದು ಚೆನ್ನಾಗಿ ಬರುತ್ತದೆ.

ತುಳಸಿಯದು ಬೇರೆ. ಕಾರ್ತಿಕದಲ್ಲಿ ತುಳಸಿ ಲಗ್ನ ಮುಗಿದ ಮೇಲೆ ಮನೆಮನೆಯ ತುಳಸಿ ಒಣಗುತ್ತದೆ, ಏನೋ ಅಪಶಕುನ ಅಂತ ಹಿರಿಯರಿಗೆ ಕಳವಳ. ಇದರಲ್ಲಿ ಮೂರು ಕಾರಣ ಸೇರಿಕೊಂಡಿರುತ್ತವೆ. ಒಂದು, ಗಿಡದ ತುಂಬ ಮಂಜರಿ ಬಂದು ಬೀಜ ಕಟ್ಟಿರುತ್ತದೆ. ಬೀಜ ಕಟ್ಟಿದ ಮೇಲೆ ತುಳಸಿ ಎಲೆ ಹಾಕುವುದನ್ನು ಕಡಿಮೆ ಮಾಡುತ್ತದೆ. ಎರಡು, ಚಳಿ ಶುರುವಾಗಿ ನೀರು ಕುಡಿಯುವುದು ಕಡಿಮೆ, ನಾವು ಮಾತ್ರ ದಿನಾ ಪೂಜೆಯ ನೀರು ಹಾಕುತ್ತೇವೆ, ಮಣ್ಣು ಒಣಗುವುದೇ ಇಲ್ಲ. ಮೂರನೆಯದು ನಾನು ಕಣ್ಣಾರೆ ಕಂಡದ್ದು: ಲಗ್ನಕ್ಕೆ ಅಂತ ಕಬ್ಬು, ನೆಲ್ಲಿ ಕೊಂಬೆಯನ್ನು ಅದೇ ಕುಂಡದಲ್ಲಿ ಬುಡದ ಪಕ್ಕಕ್ಕೇ ಗಟ್ಟಿಯಾಗಿ ಊರುತ್ತೇವೆ. ಬೇರು ಹರಿಯುತ್ತದೆ. ಈಗ ನಾವು ಕಬ್ಬನ್ನು ಕಟ್ಟೆಯ ಹೊರಗೆ ಕಟ್ಟಿ ನಿಲ್ಲಿಸುತ್ತೇವೆ. ಪೂಜೆಯ ನೀರು ಒಂದು ಉದ್ಧರಣೆ ಸಾಕು, ಭಕ್ತಿಗೆ ಲೀಟರ್ ಲೆಕ್ಕ ಇಲ್ಲ. ಮಂಜರಿ ಬಂದ ಹಾಗೆ ಚಿವುಟುತ್ತಿರಿ. ಕೊಂಬೆಯನ್ನು ಉಗುರಿನಿಂದ ಕೆರೆದು ನೋಡಿ, ಒಳಗೆ ಹಸಿರಿದ್ದರೆ ಜೀವ ಇದೆ, ಫೆಬ್ರವರಿ ಬಿಸಿಲಿಗೆ ಚಿಗುರುತ್ತದೆ. ಕಂದಾಗಿ ಪುಡಿಯಾದರೆ ಮುಗಿದಂತೆ. ಅದಕ್ಕೇ ಒಣಗಿದ ಮಂಜರಿಯ ಬೀಜ ಒಂದು ಪೊಟ್ಟಣದಲ್ಲಿ ಇಟ್ಟಿರಬೇಕು.

ಡಿಸೆಂಬರ್‌ನಲ್ಲಿ ಕರಿಬೇವು ಚಿಗುರುವುದನ್ನು ನಿಲ್ಲಿಸಿ ಎಲೆ ಉದುರಿಸುತ್ತದೆ. ಅಂಥೂರಿಯಂ ಹಾಗೇ ಸುಮ್ನೆ ಕೂರುತ್ತದೆ. ಇವಕ್ಕೆ ಔಷಧಿ ಬೇಡ, ಗೊಬ್ಬರವೂ ಬೇಡ. ರಾತ್ರಿ ಕಿಟಕಿಯ ತಣ್ಣನೆ ಗಾಜಿನಿಂದ ಸ್ವಲ್ಪ ದೂರ ಸರಿಸಿ, ನೀರು ಅರ್ಧ ಮಾಡಿ.

ಏಪ್ರಿಲ್ ಬಂದಾಗ

ಈಗ ಬಾಡಿದರೆ ಬಾಯಾರಿಕೆಯೇ ಇರಬಹುದು. ಆದರೂ ಬೆರಳು ಇಳಿಸಿ ನೋಡಿಯೇ ನೀರು ಹಾಕಿ. ಎಲೆ ಮೇಲೆ ಸೂಜಿಯಿಂದ ಚುಚ್ಚಿದಂತೆ ಸಣ್ಣ ಹಳದಿ ಚುಕ್ಕೆ ತುಂಬಿ, ಧೂಳು ಹಿಡಿದ ಹಾಗೆ ಕಂಡರೆ ನುಸಿ. ಎಲೆ ಕೆಳಗೆ ಬಿಳಿ ಹಾಳೆ ಹಿಡಿದು ತಟ್ಟಿ. ಬಿದ್ದ ಚುಕ್ಕೆಗಳು ನಡೆದಾಡಿದರೆ ಅನುಮಾನವೇ ಬೇಡ. ಒಣ ಹವೆ ಅದಕ್ಕೆ ಇಷ್ಟ, ಹಾಗಾಗಿ ನಾಲ್ಕು ದಿನಕ್ಕೊಮ್ಮೆ ಬೆಳಿಗ್ಗೆ ಎಲೆಯ ಹಿಂಬದಿಗೆ ಪೈಪಿನಿಂದ ಜೋರಾಗಿ ನೀರು ಹೊಡೆದರೇ ಅರ್ಧ ಕಡಿಮೆಯಾಗುತ್ತದೆ.

ದಾಸವಾಳದ ತುದಿಯಲ್ಲಿ ಹತ್ತಿಯಂಥ ಬಿಳಿ ಮುದ್ದೆ ಕಂಡರೆ ಹಿಟ್ಟು ತಿಗಣೆ. ಅಲ್ಲಿ ಇರುವೆಗಳು ಓಡಾಡುತ್ತಿವೆಯಾ ನೋಡಿ. ತಿಗಣೆ ಬಿಡುವ ಸಿಹಿ ಅಂಟಿಗಾಗಿ ಇರುವೆ ಅದನ್ನು ಕಾಯುತ್ತದೆ, ಶತ್ರು ಹುಳುಗಳನ್ನು ಹತ್ತಿರ ಬಿಡಲ್ಲ. ಇರುವೆಯ ದಾರಿ ಕಡಿಯದೆ ತಿಗಣೆ ಹೋಗಲ್ಲ. ತುದಿ ಚಿವುಟಿ ಸೋಪಿನ ನೀರಲ್ಲಿ ಮುಳುಗಿಸಿ. ಉಳಿದದ್ದಕ್ಕೆ ಬೇವಿನ ಎಣ್ಣೆ ಲೀಟರಿಗೆ 5 ಮಿಲಿ, ಬೆರೆಯಲು ನಾಲ್ಕು ಹನಿ ದ್ರವ ಸೋಪು, ಸಂಜೆ ಹೊತ್ತು, ವಾರಕ್ಕೊಮ್ಮೆ ಮೂರು ಸಲ.

ಯಾವುದಕ್ಕೂ ಹೊಂದದ ಲಕ್ಷಣ ಕಂಡರೆ ಎಲೆ, ಬೇರು ಎರಡನ್ನೂ ಕವರಿನಲ್ಲಿ ಹಾಕಿಕೊಂಡು ಹತ್ತಿರದ ತೋಟಗಾರಿಕೆ ಇಲಾಖೆ ಕಚೇರಿಗೋ ಕೃಷಿ ವಿಜ್ಞಾನ ಕೇಂದ್ರಕ್ಕೋ ಹೋಗಿ. ಗೋಕಾಕ ಕಡೆಯವರಿಗೆ ಅರಭಾವಿಯಲ್ಲಿ ತೋಟಗಾರಿಕೆ ಕಾಲೇಜೇ ಇದೆ. ಬರೀ ಎಲೆ ಒಯ್ದರೆ ಅವರೂ ಬೇರು ಎಲ್ಲಿ ಅಂತಲೇ ಕೇಳುತ್ತಾರೆ.

ಮೇ ಕೊನೆಗೆ ರೋಹಿಣಿಯ ಮೊದಲ ಗುಡುಗು ಕೇಳಿದ ಕೂಡಲೇ ನಾನು ಒಂದು ಭಾನುವಾರ ಇಟ್ಟುಕೊಳ್ಳುತ್ತೇನೆ. ಪ್ರತಿ ಕುಂಡ ಮಗುಚಿ ತೂತಿಗೆ ಸ್ಕ್ರೂಡ್ರೈವರ್ ಹಾಕಿ ಬಿಡಿಸುವುದು. ಕುಂಡದ ಕೆಳಗೆ ಎರಡು ಹಂಚಿನ ಚೂರು ಇಟ್ಟು ನೆಲದಿಂದ ಬೆರಳಷ್ಟು ಎತ್ತರಿಸುವುದು. ತಟ್ಟೆಗಳನ್ನೆಲ್ಲ ತೆಗೆದು ಅಟ್ಟಕ್ಕೆ ಹಾಕುವುದು. ಸ್ನೇಕ್ ಪ್ಲಾಂಟ್, ಲೋಳೆಸರ ಮೂಡಣ ಸಜ್ಜಾ ಕೆಳಗೆ, ಫರ್ನ್ ಪಡುವಣಕ್ಕೆ. ಆ ಎರಡು ದಾಸವಾಳದ ಕಟಿಂಗ್‌ನಲ್ಲಿ ಒಂದು ಕಾಕೂ ಮನೆಗೆ ಹೋಗಿದೆ. ಇನ್ನೊಂದು ನಮ್ಮಲ್ಲೇ ಇದೆ, ಜಲ್ಲಿ ಇಲ್ಲದ ಕುಂಡದಲ್ಲಿ. ಈ ಸಲದ ಆರಿದ್ರಾ ಮಳೆಗೆ ಮೊದಲ ಮೊಗ್ಗು ಬಂದಿದೆ. ಅವ್ವ ತಂಬಿಗೆಯನ್ನು ಮಾತ್ರ ನನ್ನ ಕೈಗೆ ಸಿಗದ ಹಾಗೆ ಎತ್ತಿಟ್ಟಿದ್ದಾಳೆ.